ಕವಿಗೊಂದು ಖಾನೆ

ಭಾವಗೀತೆಯ ಕ್ಯಾಸೆಟ್ಟುಗಳನ್ನು ಕೊಂಡು ಕೇಳಿದವರಿಗೆ ಅದರೊಳಗಿನ ಚೀಟಿ ನೆನಪಿರಬೇಕು. ಪ್ಲಾಸ್ಟಿಕ್ ಡಬ್ಬಿ ತೆರೆದರೆ ಮಡಿಕೆ ಮಡಿಕೆಯಾದ ಕಾಗದ; ಅದರಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಹಾಡಿನ ಮೊದಲ ಸಾಲು, ಎದುರಿಗೆ ಕವಿಯ ಹೆಸರು, ಪಕ್ಕದಲ್ಲಿ ಹಾಡಿದವರ ಹೆಸರು, ರಾಗ ಸಂಯೋಜನೆ ಯಾರದೆಂಬ ವಿವರ. ಬೆಳಗಿನ ತಿಂಡಿಯ ಗಲಾಟೆ ಮುಗಿದು, ಮನೆಯವರೆಲ್ಲ ಅವರವರ ಕೆಲಸಕ್ಕೆ ಹೋದ ಮೇಲೆ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದವರು ನಮ್ಮಲ್ಲಿ ಎಷ್ಟು ಜನವೋ! 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆಯ ಕ್ಯಾಸೆಟ್ಟು ಅದು. ಅಲ್ಲಿಂದ ಮುಂದೆ ಎರಡು ದಶಕ, ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಹೆಂಗಸರಿಗೆ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ಗೋಪಾಲಕೃಷ್ಣ ಅಡಿಗ, ಜಿ.ಎಸ್. ಶಿವರುದ್ರಪ್ಪ ಇವರನ್ನೆಲ್ಲ ಮನೆಗೆ ಕರೆತಂದು ಪರಿಚಯ ಮಾಡಿಸಿದ್ದು ಆ ಚೀಟಿಯೇ.

ಈಗ ಹಾಡು ಮನೆಗೆ ಬರುವ ದಾರಿ ಬದಲಾಗಿದೆ. ಕೈಯಲ್ಲಿರುವ ಫೋನಿಗೆ ಹೇಳಿದರೆ ಸಾಕು, ಕೇಳಿದ ಹಾಡು ಬರುತ್ತದೆ. ಕೇಳದ ನಾಲ್ಕು ಹಾಡೂ ಬೆನ್ನಿಗೆ ಬರುತ್ತವೆ. ಚೀಟಿ ಮಾತ್ರ ಬರುವುದಿಲ್ಲ. ಕವಿ ಯಾರೆಂದು ತಿಳಿಯಲು ಎರಡು ಮೂರು ಕಡೆ ಒತ್ತಿ ಒಳಗೆ ಇಳಿಯಬೇಕು. ಇಳಿದರೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ‘ಯಾವ ಮೋಹನ ಮುರಳಿ’ ಅಡಿಗರ ಕವಿತೆ. ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಮನೋಮೂರ್ತಿ ಸಂಗೀತದಲ್ಲಿ ಅದು ಮತ್ತೊಮ್ಮೆ ಮನೆಮಾತಾಯಿತು. ಇವತ್ತಿನ ಹುಡುಗಿಯೊಬ್ಬಳನ್ನು ಅದು ಯಾರದೆಂದು ಕೇಳಿ ನೋಡಿ. ಸಿನಿಮಾದ ಹೆಸರು ಹೇಳುತ್ತಾಳೆ. ತಪ್ಪು ಅವಳದಲ್ಲ. ಅವಳ ಕಣ್ಣೆದುರಿನ ಪರದೆ ಅವಳಿಗೆ ಕೊಟ್ಟದ್ದೇ ಅಷ್ಟು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಅಗ್ಗದ ಹಾಡಿನ ಪೆಟ್ಟಿಗೆಯ ಬಗ್ಗೆ ಬರೆಯಹೊರಟವಳು ಚೀಟಿಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಈ ಪೆಟ್ಟಿಗೆಯನ್ನು ಹೊಗಳುವವರು ಸಾಮಾನ್ಯವಾಗಿ ಅದರ ಬೆಲೆ ಹೇಳುತ್ತಾರೆ, ಅದರಲ್ಲಿ ಎಷ್ಟು ಸಾವಿರ ಹಾಡು ಹಿಡಿಸುತ್ತದೆಂದು ಹೇಳುತ್ತಾರೆ. ಹಾಡಿನ ಜೊತೆ ಯಾರ ಯಾರ ಹೆಸರು ಒಳಗೆ ಹೋಗುತ್ತದೆ, ಯಾರದು ಹೊರಗೆ ಉಳಿಯುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಮುಖ್ಯವೆನಿಸಿದ್ದು ಅದು.

ಪೆಟ್ಟಿಗೆಯನ್ನು ನಾನು ನೋಡಿದ್ದು ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಕಾಫಿ ತೋಟದ ನಡುವಿನ ಮನೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬಂದರೆ ಸುದ್ದಿ. ಜೋರು ಮಳೆ ಹಿಡಿದರೆ ಫೋನಿನ ಸಿಗ್ನಲ್ಲೂ ಹೇಳದೆ ಕೇಳದೆ ಹೋಗುತ್ತದೆ. ಫೋನಿನಲ್ಲಿ ಬರುವ ಹಾಡು ದೂರದ ಊರಿನಿಂದ ಬರುವ ಹಾಡು. ದಾರಿ ಮುಚ್ಚಿದರೆ ಅದೂ ನಿಂತಿತು. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮಳೆಗಾಲದಲ್ಲಿ ಮನೆಯಿಂದಲೇ ಮಾಡುವ ನನ್ನ ಸೋದರ ಸೊಸೆ ಇದಕ್ಕೊಂದು ಉಪಾಯ ಮಾಡಿದಳು. ಟಿ.ವಿ. ಪಕ್ಕದ ಗೂಡಿನಲ್ಲಿ, ಹಳೆಯ ಅಗರಬತ್ತಿ ಡಬ್ಬಿಯೊಂದರಲ್ಲಿ, ಒಂದು ಪುಟ್ಟ ಹಲಗೆಯನ್ನು ಕೂರಿಸಿ ವೈರು ಕೊಟ್ಟಳು.

ಆ ಹಲಗೆಯ ಹೆಸರು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಶಾಲೆಯ ಮಕ್ಕಳು ಕಂಪ್ಯೂಟರಿನ ಕೆಲಸ ಕೈಯಾರೆ ಕಲಿಯಲಿ ಎಂದು ಒಂದು ಧರ್ಮಾರ್ಥ ಸಂಸ್ಥೆ ಮಾಡಿದ ಒಂಟಿ ಹಲಗೆಯ ಕಂಪ್ಯೂಟರು ಅದು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರು. ಆಗಿನ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಕಡಿಮೆ. ಉದ್ದ ಎಂಟೂವರೆ ಸೆಂಟಿಮೀಟರು, ಅಗಲ ಐದೂವರೆಗೆ ತುಸು ಹೆಚ್ಚು; ಇಸ್ಪೀಟಿನ ಎಲೆಗಿಂತ ಚಿಕ್ಕದು. ಆಮೇಲೆ ಎಷ್ಟೋ ಮಾದರಿಗಳು ಬಂದಿವೆ, ಬೆಲೆಯೂ ಏರಿದೆ ಇಳಿದಿದೆ. ಹಾಡಿನ ಕೆಲಸಕ್ಕೆ ದೊಡ್ಡ ಮಾದರಿ ಬೇಕಿಲ್ಲ. 2021ರಲ್ಲಿ 15 ಡಾಲರಿಗೆ ಬಂದ, ಬೆರಳುದ್ದದ ‘ಜೀರೊ 2 ಡಬ್ಲ್ಯು’ ಕೂಡ ಒಂದು ಮನೆಗೆ ಹಾಡು ಹಂಚಬಲ್ಲದು.

ಇಂಥ ಪೆಟ್ಟಿಗೆಗೆ ಸರ್ವರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಸರ್ವರ್ ಎಂದರೆ ಬಡಿಸುವವಳು. ಜೀವಮಾನವೆಲ್ಲ ನಾವು ಮಾಡಿದ ಕೆಲಸವೇ. ಹಾಡುಗಳೆಲ್ಲ ಒಂದು ಪೆನ್‌ಡ್ರೈವಿನಲ್ಲೋ ಡಿಸ್ಕಿನಲ್ಲೋ ಇರುತ್ತವೆ. ಅಡುಗೆಮನೆಯಿಂದ ಒಬ್ಬರು, ಮಹಡಿಯಿಂದ ಒಬ್ಬರು ತಮ್ಮ ತಮ್ಮ ಫೋನಿನಲ್ಲಿ ಕೇಳುತ್ತಾರೆ. ಪೆಟ್ಟಿಗೆ ಮನೆಯ ವೈಫೈ ಮೂಲಕ ಇಬ್ಬರಿಗೂ ಬಡಿಸುತ್ತದೆ. ಹೊರಗಿನ ಇಂಟರ್ನೆಟ್ ಸತ್ತಿದ್ದರೂ ಮನೆಯೊಳಗಿನ ವೈಫೈ ನಡೆಯುತ್ತದೆ. ಇದಕ್ಕೆ ಬೇಕಾದ ತಂತ್ರಾಂಶಗಳು, ನ್ಯಾವಿಡ್ರೋಮ್, ಜೆಲ್ಲಿಫಿನ್ ಮುಂತಾದವು, ಪುಕ್ಕಟೆ. ಪೆಟ್ಟಿಗೆ ನಾಲ್ಕು ವ್ಯಾಟ್ ವಿದ್ಯುತ್ತು ತಿಂದರೆ, ವರ್ಷವೆಲ್ಲ ಹಗಲು ರಾತ್ರಿ ಹಚ್ಚಿಟ್ಟರೂ ಸುಮಾರು 35 ಯೂನಿಟ್. ಸಾಧಾರಣ ಗುಣಮಟ್ಟದ ಎಂಪಿತ್ರೀ ಹಾಡು ನಿಮಿಷಕ್ಕೆ ಒಂದು ಎಂ.ಬಿ.ಯಷ್ಟು ಜಾಗ ಹಿಡಿಯುತ್ತದೆ. ಹಾಗಾಗಿ 64 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಅರವತ್ತು ನಿಮಿಷದ ಸಾವಿರ ಕ್ಯಾಸೆಟ್ಟು ಹಿಡಿಸುತ್ತದೆ. ಕಪಾಟು ತುಂಬ ಕ್ಯಾಸೆಟ್ಟು ಜೋಡಿಸಿ ಹೆಮ್ಮೆಪಡುತ್ತಿದ್ದ ಕಾಲ ನೆನೆದರೆ ನಗು ಬರುತ್ತದೆ.

ಮನೆಯೊಳಗೆ ಕೂತು ಹಾಡು ಹಂಚುವ ಹುಚ್ಚು ಕನ್ನಡಿಗರಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಮೂವತ್ತು ವ್ಯಾಟಿನ ಪುಟ್ಟ ಯಂತ್ರವಿಟ್ಟುಕೊಂಡು ರೇಡಿಯೋ ಪ್ರಸಾರ ಶುರುಮಾಡಿದರು. ಆ ಮನೆ ರೇಡಿಯೋವಿನ ಹೆಸರೇ ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ದೊಡ್ಡ ಸಂಸ್ಥೆಗಳು ಮಾಡುವ ಕೆಲಸವನ್ನು ಮನೆಯ ಒಂದು ಕೋಣೆಯಲ್ಲಿ ಮಾಡಬಹುದೆಂದು ತೋರಿಸಿದವರು ಅವರು. ಮೂವತ್ತು ವ್ಯಾಟಿನಲ್ಲಿ ಊರಿಗೆ ಕೇಳಿಸಿದ್ದನ್ನು ನಾಲ್ಕು ವ್ಯಾಟಿನಲ್ಲಿ ಮನೆಗೆ ಕೇಳಿಸುವುದು ಅದೇ ವಂಶದ ಕೆಲಸ.

ಇಷ್ಟು ಹೊಗಳಿದ ಮೇಲೆ ದೋಷಗಳಿಗೆ ಬರೋಣ. ‘ಅಗ್ಗ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ.

ಹಲಗೆ ಅಗ್ಗ, ನಿಜ. ಆದರೆ ಮನೆಯ ಹಳೆಯ ಕ್ಯಾಸೆಟ್ಟುಗಳು ತಾವಾಗಿ ನಡೆದು ಅದರೊಳಗೆ ಹೋಗುವುದಿಲ್ಲ. ಈ ಹಲಗೆಗೆ ಬಾಯಿ ಇದೆ, ಕಿವಿಯಿಲ್ಲ. ಹೊರಗಿನ ಸದ್ದನ್ನು ತುಂಬಿಕೊಳ್ಳುವ ತೂತು ಅದಕ್ಕಿಲ್ಲ. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೋ, ಬೇರೆ ಕೊಂಡ ಪುಟ್ಟ ಯು.ಎಸ್.ಬಿ. ಸಾಧನಕ್ಕೋ ವೈರು ಎಳೆದು, ಆಡಾಸಿಟಿಯಂಥ ತಂತ್ರಾಂಶದಲ್ಲಿ ಹಿಡಿಯಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಹಿಡಿಯಲು ಅರವತ್ತು ನಿಮಿಷವೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಮಲೆನಾಡಿನ ಮಳೆಗೆ ಟೇಪಿನ ಮೇಲೆ ಬೂಷ್ಟು ಹಿಡಿದಿರುತ್ತದೆ, ಸುತ್ತು ಸಡಿಲವಾಗಿರುತ್ತದೆ. ಪೆನ್ಸಿಲ್ ತೂರಿಸಿ ಸುತ್ತಬೇಕು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ ಒರೆಸಬೇಕು. ಆಮೇಲೆ ಒಂದೊಂದು ಹಾಡನ್ನೂ ಬಿಡಿಸಿ ಹೆಸರು ಬರೆಯಬೇಕು. ನೂರು ಕ್ಯಾಸೆಟ್ಟಿಗೆ ನೂರು ಗಂಟೆ ಹಿಡಿಯುವುದಕ್ಕೇ ಹೋಯಿತು. ಹೆಸರು ಬರೆಯಲು ಇನ್ನಷ್ಟು. ಈ ಗಂಟೆಗಳು ಯಾರವು? ನಾನು ನೋಡಿದ ಮನೆಗಳಲ್ಲಿ ಇದು ‘ಹೇಗೂ ಮನೆಯಲ್ಲಿರುತ್ತೀಯಲ್ಲ’ ಎನ್ನಿಸಿಕೊಳ್ಳುವವರ ಗಂಟೆ. ಹಪ್ಪಳ ಸಂಡಿಗೆಯನ್ನು ಅಗ್ಗ ಎನ್ನುತ್ತೇವಲ್ಲ, ಅದೇ ಲೆಕ್ಕ. ಅಕ್ಕಿಗೆ, ಉದ್ದಿಗೆ ಬೆಲೆ ಕಟ್ಟಿ, ಬಿಸಿಲಲ್ಲಿ ಕಾಯ್ದವಳಿಗೆ ಕಟ್ಟದ ಲೆಕ್ಕ.

ಎರಡನೆಯದು, ಕೀಲಿಕೈ. ಸಾಮಾನ್ಯವಾಗಿ ಇಂಥ ಪೆಟ್ಟಿಗೆಯನ್ನು ಕೂರಿಸುವವರು ಮನೆಯಲ್ಲಿ ಒಬ್ಬರೇ. ಮಗನೋ, ಅಳಿಯನೋ, ಓದಿದ ಮಗಳೋ. ಪಾಸ್‌ವರ್ಡು ಅವರ ತಲೆಯಲ್ಲಿ. ಅವರು ರಜೆ ಮುಗಿಸಿ ಊರು ಬಿಟ್ಟರೆ ಪೆಟ್ಟಿಗೆಗೆ ಶೀತವಾದರೂ ಔಷಧಿ ಕೊಡುವವರಿಲ್ಲ. ಏನೋ ಬರೆದುಕೊಳ್ಳುತ್ತಿರುವಾಗ ಕರೆಂಟು ಹೋದರೆ ಅದರ ಮೆಮೊರಿ ಕಾರ್ಡು ಕೆಡುವ ಅಪಾಯವುಂಟು. ಮಲ್ಲಂದೂರಿನ ಹುಡುಗಿ ಇದನ್ನು ಮೊದಲೇ ಯೋಚಿಸಿದ್ದಳು. ಹಾಡುಗಳನ್ನು ಆ ಕಾರ್ಡಿನಲ್ಲಿ ಇಡದೆ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದಳು, ಆ ಡಿಸ್ಕಿನ ಇನ್ನೊಂದು ಪ್ರತಿಯನ್ನು ಬೀರುವಿನಲ್ಲಿಟ್ಟಿದ್ದಳು, ಪೆಟ್ಟಿಗೆಯ ವೈರನ್ನು ಇನ್ವರ್ಟರಿಗೆ ಕೊಟ್ಟಿದ್ದಳು. ಗುಡುಗು ಸಿಡಿಲು ಬಂದಾಗ ಯಾವ ಪ್ಲಗ್ಗು ಯಾವ ಕ್ರಮದಲ್ಲಿ ಕೀಳಬೇಕು, ಮತ್ತೆ ಹೇಗೆ ಹಚ್ಚಬೇಕು ಎಂದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲಿ ಬರೆದು ಅಂಟಿಸಿದ್ದಳು. ಅತ್ತಿಗೆ ಅದನ್ನು ನೋಡಿಕೊಂಡು ತಾವೇ ಮಾಡುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ಕಂಡದ್ದು ಆ ಕ್ಯಾಲೆಂಡರಿನ ಹಾಳೆ.

ಮೂರನೆಯದೇ ನಾನು ಹೇಳಹೊರಟ ಮುಖ್ಯ ದೋಷ. ಇದು ಹಲಗೆಯ ದೋಷವಲ್ಲ, ಹಾಡಿಗೆ ಹೆಸರು ಬರೆಯುವ ಪದ್ಧತಿಯದು.

ಎಂಪಿತ್ರೀ ಹಾಡಿನ ಬಾಲಕ್ಕೆ ಹೆಸರು ಕಟ್ಟುವ ಪದ್ಧತಿಯನ್ನು 1996ರಲ್ಲಿ ಎರಿಕ್ ಕೆಂಪ್ ಎಂಬಾತ ಮಾಡಿದ. ಒಟ್ಟು 128 ಬೈಟುಗಳ ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಷರಾ ಬರೆಯಲು 30. ಸಂಗೀತದ ಬಗೆಗೆ ಒಂದೇ ಒಂದು ಬೈಟು. ಎಂಬತ್ತು ಬಗೆಗಳ ಒಂದು ಪಟ್ಟಿಯಿಂದ ಆರಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ ಪೋಲ್ಕಾ ಕುಣಿತಕ್ಕೆ ಜಾಗವಿತ್ತು. ಕರ್ನಾಟಕ ಸಂಗೀತಕ್ಕೆ ಇರಲಿಲ್ಲ, ಹಿಂದೂಸ್ತಾನಿಗೆ ಇರಲಿಲ್ಲ. ಕವಿಗೆ ಖಾನೆಯೇ ಇರಲಿಲ್ಲ. ಕನ್ನಡದ ಲಿಪಿಗೂ ಅಲ್ಲಿ ಏರ್ಪಾಡಿರಲಿಲ್ಲ. ಇವತ್ತಿನ ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಆ ಲೆಕ್ಕದಲ್ಲಿ ‘ಮಲ್ಲಂದೂರು’ ಎಂದು ಬರೆದರೆ 27 ಬೈಟು, ಹೇಗೋ ಹಿಡಿಸೀತು. ‘ನರಸಿಂಹಸ್ವಾಮಿ’ ಎಂದರೆ 36, ಕೆ.ಎಸ್. ಎಂಬ ಇನಿಷಿಯಲ್ಲು ಬಿಟ್ಟರೂ ಕವಿ ಬಾಗಿಲಲ್ಲೇ ನಿಲ್ಲಬೇಕು.

ಆ ಪದ್ಧತಿ ಮಾಡಿದವನಿಗೆ ನಮ್ಮ ಮೇಲೇನೂ ದ್ವೇಷವಿರಲಿಲ್ಲ. ತನ್ನ ಊರಿನಲ್ಲಿ ಹಾಡು ಹೇಗಿತ್ತೋ ಹಾಗೆ ಖಾನೆ ಮಾಡಿದ. 1998ರಲ್ಲಿ ಬಂದ ಎರಡನೆಯ ಪದ್ಧತಿಯಲ್ಲಿ ಸಂಯೋಜಕರಿಗೂ ಗೀತೆ ಬರೆದವರಿಗೂ ಬೇರೆ ಬೇರೆ ಖಾನೆ ಕೊಟ್ಟರು, ಉದ್ದದ ಕಟ್ಟಳೆಯೂ ಸಡಿಲವಾಯಿತು. ನ್ಯಾವಿಡ್ರೋಮ್ ತಂತ್ರಾಂಶವೂ 2025ರಿಂದ ಈ ಹೆಸರುಗಳನ್ನು ಓದಿ ಹುಡುಕಲು ಕೊಡುತ್ತಿದೆ. ಅಂದಮೇಲೆ ಖಾನೆ ಇದೆ. ಆದರೆ ಅದು ಖಾಲಿ. ಹಾಡನ್ನು ಮಾರುವವರು ಅದನ್ನು ತುಂಬುವುದಿಲ್ಲ, ನಾವು ಕೇಳುವುದಿಲ್ಲ.

ಇದೇ ತಕರಾರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗೂ ಇತ್ತು. ಅವರಿಗೆ ಮುಖ್ಯ ಬೀಥೋವನ್, ಬಾಕ್. ಪರದೆಯ ಮೇಲೆ ಬರುತ್ತಿದ್ದುದು ನುಡಿಸಿದವರ ಹೆಸರು. ಆ ದೂರಿಗೆ ಬೆಲೆ ಬಂತು. 2023ರಲ್ಲಿ ಆಪಲ್ ಕಂಪನಿ ಶಾಸ್ತ್ರೀಯ ಸಂಗೀತಕ್ಕೆಂದೇ, ಸಂಯೋಜಕರ ಹೆಸರಿನಲ್ಲಿ ಹುಡುಕಬಹುದಾದ ಬೇರೆ ಆ್ಯಪನ್ನೇ ತಂದಿತು. ಬೇಂದ್ರೆಯವರಿಗಾಗಿ ಅಷ್ಟು ಖರ್ಚು ಮಾಡುವ ಕಂಪನಿ ಸದ್ಯಕ್ಕೆ ಕಾಣುವುದಿಲ್ಲ. ನಮ್ಮ ದೇಶದ ಕಾನೂನು 2012ರ ತಿದ್ದುಪಡಿಯಲ್ಲಿ, ಸಿನಿಮಾ ಹಾಡು ಬರೆದವರಿಗೂ ಸ್ವರ ಹಾಕಿದವರಿಗೂ ಬಿಟ್ಟುಕೊಡಲಾಗದ ರಾಯಧನದ ಹಕ್ಕು ಕೊಟ್ಟಿದೆ. ಹಣದ ಲೆಕ್ಕದಲ್ಲಿ ಕವಿಗೆ ಖಾನೆ ಸಿಕ್ಕಿತು. ಕೇಳುವವರ ಕಣ್ಣೆದುರು ಇನ್ನೂ ಸಿಗಬೇಕು.

ಕವಿಯ ಹೆಸರಿಲ್ಲದಿದ್ದರೆ ಏನು ಮುಳುಗಿಹೋಯಿತು, ಹಾಡು ಚೆನ್ನಾಗಿದ್ದರೆ ಸಾಲದೆ ಎಂದು ನೀವು ಕೇಳಬಹುದು. ನಾಡಗೀತೆಯನ್ನೇ ತೆಗೆದುಕೊಳ್ಳಿ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕೆಂಬ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥ್ ಅವರದೋ ಎಂದು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಯುವಂತೆ, ಒಪ್ಪಿ ಆದೇಶ ಹೊರಡಿಸಿತು. ಈ ಚರ್ಚೆಯಲ್ಲಿ ನಮ್ಮ ನಿಮ್ಮಂಥ ಕೇಳುಗರಿಗೆ ಒಂದು ಅಭಿಪ್ರಾಯ ಬೇಡವೆ? ಬೇಕಾದರೆ ಎರಡು ಧಾಟಿಯನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು. ಗಾಯಕರ ಹೆಸರಿನಲ್ಲಿ ಜೋಡಿಸಿದ ಪೆಟ್ಟಿಗೆಯಲ್ಲಿ ಅವೆರಡೂ ಬೇರೆ ಬೇರೆ ಮೂಲೆಯಲ್ಲಿ ಬಿದ್ದಿರುತ್ತವೆ. ಕವಿಯ ಖಾನೆ ತುಂಬಿದ ಪೆಟ್ಟಿಗೆಯಲ್ಲಿ ‘ಕುವೆಂಪು’ ಎಂದು ಒತ್ತಿದರೆ ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ. ಯಾವ ಧಾಟಿ ಮಾತನ್ನು ಎತ್ತಿಹಿಡಿಯಿತು, ಯಾವುದು ಮಾತನ್ನು ಹೊತ್ತುಕೊಂಡು ಓಡಿತು ಎಂದು ಆಗ ಕಿವಿಗೇ ತಿಳಿಯುತ್ತದೆ. ವಿಮರ್ಶೆ ಎಂದು ದೊಡ್ಡವರು ಕರೆಯುವುದು ಬಹುಮಟ್ಟಿಗೆ ಇದನ್ನೇ; ಇದಕ್ಕೆ ಎಂ.ಎ. ಆಗಬೇಕಾಗಿಲ್ಲ.

ಹೆಸರು ಬರೆಯುವುದರಲ್ಲಿ ಇನ್ನೊಂದು ತೊಡಕಿದೆ. ಹೊರಗಿನಿಂದ ಬಂದ ಹಾಡುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿರುತ್ತದೆ. ಅಶ್ವತ್ಥ್ ಎಂಬುದನ್ನು ಒಬ್ಬರು ಎಚ್ ಹಾಕಿ ಬರೆದಿರುತ್ತಾರೆ, ಒಬ್ಬರು ಹಾಕದೆ. ಇನ್ನೊಬ್ಬರು ಕೊನೆಗೊಂದು ಎ ಸೇರಿಸಿರುತ್ತಾರೆ. ಪೆಟ್ಟಿಗೆಗೆ ಸಂಗೀತ ತಿಳಿಯದು, ಕಾಗುಣಿತ ಮಾತ್ರ ತಿಳಿಯುತ್ತದೆ. ಒಬ್ಬ ಅಶ್ವತ್ಥರನ್ನು ಮೂವರನ್ನಾಗಿ ಮಾಡಿ, ಮೂರು ಮೂಲೆಯಲ್ಲಿ ನಿಲ್ಲಿಸುತ್ತದೆ. ಇದಕ್ಕೆ ಮದ್ದು ಒಂದೇ; ಎಲ್ಲ ಹೆಸರನ್ನೂ ಕನ್ನಡದಲ್ಲಿ, ಒಂದೇ ರೀತಿಯಲ್ಲಿ ಬರೆಯುವುದು. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬ ನೆಪ ಹಳೆಯದಾಯಿತು. ಅಡುಗೆಮನೆಯ ಡಬ್ಬಿಗಳ ಮೇಲೆ ಜೀರಿಗೆ, ಮೆಂತ್ಯ ಎಂದು ಚೀಟಿ ಅಂಟಿಸುವಷ್ಟೇ ಶಿಸ್ತು ಬೇಕು, ಅಷ್ಟೇ.

ಇನ್ನು ಮಲ್ಲಂದೂರಿನ ಮನೆಯ ಒಂದು ಕ್ಯಾಸೆಟ್ಟಿನ ವಿಷಯ. ಅಂಗಡಿಯಲ್ಲಿ ಕೊಂಡದ್ದಲ್ಲ. ನಮ್ಮ ಮನೆಯ ಒಂದು ಮದುವೆಯ ಹಿಂದಿನ ಸಂಜೆ, ಹಸೆ ಹಾಡು ಹೇಳುವಾಗ ಯಾರೋ ಟೇಪ್ ರೆಕಾರ್ಡರನ್ನು ಮಣೆಯ ಮೇಲಿಟ್ಟು ಹಿಡಿದದ್ದು. ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿದ್ದ ‘ಹಸೆ ಹಾಡು’ ಎಂಬ ಎರಡು ಶಬ್ದ ಬಿಟ್ಟರೆ ಬೇರೆ ಗುರುತಿಲ್ಲ. ಸೊಸೆ ಅದನ್ನು ಒಣಗಿಸಿ, ಸುತ್ತಿ, ಪೆಟ್ಟಿಗೆಗೆ ತುಂಬಿದಳು. ಹೆಂಗಸರ ಗುಂಪು, ನಡುನಡುವೆ ಕೆಮ್ಮು, ಬಳೆಯ ಸದ್ದು, ಯಾವುದೋ ಮಗುವಿನ ಅಳು. ಮೊದಲ ದನಿ ನಮ್ಮ ಅಮ್ಮನದು. ಅಮ್ಮ ತೀರಿಕೊಂಡು ವರ್ಷಗಳಾದವು. ಪೆಟ್ಟಿಗೆ ಆ ಹಾಡಿನ ಕೆಳಗೆ ತನ್ನ ಪದ್ಧತಿಯಂತೆ ‘ಅನ್‌ನೋನ್ ಆರ್ಟಿಸ್ಟ್’ ಎಂದು ಬರೆದುಕೊಂಡಿತ್ತು.

“ಅನ್‌ನೋನ್ ಅಂದ್ರೇನೇ?” ಎಂದು ಅತ್ತಿಗೆ ಮಗಳನ್ನು ಕೇಳಿದರು.

“ಗುರುತಿಲ್ಲದವರು ಅಂತ, ಅಮ್ಮ.”

“ಯಾರಿಗೆ ಗುರುತಿಲ್ಲ? ಅತ್ತೆ ದನಿ ನಂಗೆ ಗುರುತಿಲ್ವಾ? ಇಪ್ಪತ್ತೆಂಟು ವರ್ಷ ಒಂದೇ ಒಲೆ ಮುಂದೆ ಕೂತಿದ್ದೀವಿ. ಅಳಿಸೇ ಅದನ್ನ.”

ಆಮೇಲೆ ಮೂರು ಮಧ್ಯಾಹ್ನ ಅತ್ತಿಗೆ ಆ ಕ್ಯಾಸೆಟ್ಟಿಗೆ ಕಿವಿಗೊಟ್ಟು ಕೂತರು. ಒಂಬತ್ತು ದನಿಗಳಲ್ಲಿ ಏಳನ್ನು ಗುರುತಿಸಿದರು. ಇದು ಕೆಳಗಿನ ಮನೆಯ ದೊಡ್ಡಮ್ಮ, ಇದು ತೋಟದ ಲೈನಿನಲ್ಲಿದ್ದ ಬಾಣಂತಿ ನೋಡುವ ಅಜ್ಜಿ, ಈ ಎಳೆಯ ದನಿ ಆಗಿನ್ನೂ ಮದುವೆಯಾಗದ ನಿಮ್ಮ ಚಿಕ್ಕತ್ತೆ, ಹೀಗೆ. ಸೊಸೆ ಒಂದೊಂದನ್ನೂ ಬರೆದುಕೊಂಡಳು. ಇನ್ನೆರಡು ದನಿ ಯಾರದೆಂದು ಅತ್ತಿಗೆಗೂ ತಿಳಿಯಲಿಲ್ಲ. ಅವರನ್ನು ಬಲ್ಲವರು ಯಾರೂ ಈಗ ಆ ಊರಿನಲ್ಲಿ ಉಳಿದಿಲ್ಲ. ಆ ಎರಡು ಖಾನೆಗಳನ್ನು ಅವಳು ಖಾಲಿ ಬಿಟ್ಟಿದ್ದಾಳೆ; ‘ಗುರುತಿಲ್ಲದವರು’ ಎಂದು ಮಾತ್ರ ಬರೆಯಲಿಲ್ಲ.

ಹಸೆ ಹಾಡಿಗೆ ಕವಿಯೇ ಇಲ್ಲವಲ್ಲ, ಅಲ್ಲಿ ಹೆಸರೇಕೆ ಎಂದು ಕೆಲವರು ಹೇಳಿಯಾರು. ಜನಪದಕ್ಕೆ ಹೆಸರಿಲ್ಲ ಎಂಬುದು ನಮ್ಮ ವಿದ್ವಾಂಸರಿಗೆ ಇಷ್ಟವಾದ ಮಾತು. ಆ ಮಾತಿನಲ್ಲಿ ಗೌರವವೂ ಇದೆ, ಸೋಮಾರಿತನವೂ ಇದೆ. ಹಾಡು ಹುಟ್ಟಿಸಿದವಳ ಹೆಸರು ಕಳೆದುಹೋಗಿರಬಹುದು. ಆ ಸಂಜೆ ಅದನ್ನು ಹೇಳಿದವಳಿಗೆ ಹೆಸರಿತ್ತು. ಒಂದು ನುಡಿಯನ್ನು ಬಿಟ್ಟು ಇನ್ನೊಂದನ್ನು ಸೇರಿಸಿದ್ದು ಅವಳು, ಮದುಮಗಳ ಹೆಸರನ್ನು ಪ್ರಾಸಕ್ಕೆ ಹೊಂದಿಸಿದ್ದು ಅವಳು. ಅಚ್ಚಾದ ಕವಿತೆ ಬರೆದವರ ಹೆಸರು ಎಲ್ಲೋ ಒಂದು ಪುಸ್ತಕದಲ್ಲಾದರೂ ಉಳಿಯುತ್ತದೆ. ಮನೆಯ ಹೆಂಗಸಿನ ಹೆಸರು ಉಳಿಯುವುದಾದರೆ ಈ ಪೆಟ್ಟಿಗೆಯಂಥ ಕಡೆಯಲ್ಲೇ ಉಳಿಯಬೇಕು.

ಅವಳ ಹೆಸರನ್ನು ಉಳಿಸುವ ಬಗೆಯನ್ನು ನಮಗೆ ಹೆಂಗಸೊಬ್ಬಳೇ ತೋರಿಸಿಕೊಟ್ಟಿದ್ದಾಳೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದ ಗೌಹರ್ ಜಾನ್ ನಮ್ಮ ದೇಶದ ಧ್ವನಿಮುದ್ರಣದ ಮೊದಲ ದೊಡ್ಡ ತಾರೆ. ಮೂರು ನಿಮಿಷದಲ್ಲಿ ಹಾಡು ಮುಗಿಸಿ, ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಹೇಳಿಬಿಡುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆ ತಿಳಿಯದು; ಈ ತಟ್ಟೆ ಯಾರದೆಂದು ತಿಳಿದು ಚೀಟಿ ಅಂಟಿಸಲು ಅನುಕೂಲವಾಗಲಿ ಎಂದು ಆ ಏರ್ಪಾಡು. ಕಾರಣ ಬರಿಯ ಅನುಕೂಲವೇ ಇರಬಹುದು. ಆದರೆ ಅದರಿಂದಾಗಿ, ಚೀಟಿ ಹರಿದುಹೋದ ತಟ್ಟೆಯನ್ನು ಹಚ್ಚಿದರೂ ಹಾಡಿದವಳು ಯಾರೆಂದು ಹಾಡೇ ಹೇಳುತ್ತದೆ. ಆಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡಳು.

ಹಾಗಾಗಿ ಈ ಪೆಟ್ಟಿಗೆ ಮಾಡಿಕೊಳ್ಳಬೇಕೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗಿದೆ. ಬರೀ ಹಾಡು ಕೇಳುವುದಕ್ಕಾದರೆ ಇದರ ಗೋಜು ಬೇಡ. ಫೋನು ಸಾಕು, ಭದ್ರಾವತಿ ಹಾಸನದ ರೇಡಿಯೋ ಸಾಕು. ಮನೆಯಲ್ಲಿ ಕ್ಯಾಸೆಟ್ಟುಗಳಿದ್ದರೆ, ಅವುಗಳಲ್ಲಿ ನಮ್ಮವರ ದನಿಯಿದ್ದರೆ, ಯಾವ ಕವಿಯ ಹಾಡು ನಮ್ಮನ್ನು ಯಾವ ಕಷ್ಟದಲ್ಲಿ ಕಾಪಾಡಿತೆಂಬ ನೆನಪಿದ್ದರೆ, ಮಾಡಿಕೊಳ್ಳಿ. ಕೊಂಡ ಕ್ಯಾಸೆಟ್ಟನ್ನು ಸ್ವಂತ ಬಳಕೆಗೆ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ಊರಿಗೆಲ್ಲ ಹಂಚುವುದು ಬೇರೆ ಮಾತು. ಹಲಗೆಯನ್ನು ಮಗನೋ ಮಗಳೋ ಕೂರಿಸಲಿ. ಹಚ್ಚುವ, ಆರಿಸುವ, ಪ್ರತಿ ತೆಗೆಯುವ ವಿದ್ಯೆಯನ್ನು ಮಾತ್ರ ಅವರಿಂದ ಕಲಿತು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹೆಸರು ಬರೆಯುವ ಕೆಲಸಕ್ಕೆ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ಅದು ಒಬ್ಬಳ ತಲೆಗೆ ಬೀಳದಿರಲಿ. ಒಂದು ಹಾಡಿಗೆ ಕವಿ ಯಾರೆಂದು ತಿಳಿಯದಿದ್ದರೆ ತಿಳಿದವರನ್ನು ಕೇಳಿ, ತಿಳಿಯುವವರೆಗೆ ಆ ಖಾನೆಯನ್ನು ಖಾಲಿ ಬಿಡಿ.

ಇನ್ನು ಮುಂದೆ ಮನೆಯಲ್ಲಿ ಅಜ್ಜಿಯದೋ ಅತ್ತೆಯದೋ ಹಾಡನ್ನು ಫೋನಿನಲ್ಲಿ ಹಿಡಿಯುವಾಗ, ಮುಗಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಬೇಡಿ. ಒಂದು ಕ್ಷಣ ತಾಳಿ, ನಿಮ್ಮ ಹೆಸರು ಹೇಳಿ, ನಿಮ್ಮ ತವರೂರು ಹೇಳಿ, ಈ ಹಾಡು ಯಾರಿಂದ ಕಲಿತಿರಿ ಹೇಳಿ ಎಂದು ಕೇಳಿ. ಮೊದಲು ನಾಚಿಕೊಳ್ಳುತ್ತಾರೆ, ‘ನನ್ನ ಹೆಸರೇನು ಮಾಡ್ತೀಯೇ’ ಎನ್ನುತ್ತಾರೆ. ಬಿಡದೆ ಕೇಳಿ. ಆ ಅರ್ಧ ನಿಮಿಷಕ್ಕೆ ಬೇಕಾಗುವುದು ಅರ್ಧ ಎಂ.ಬಿ. ಜಾಗ.